ಖಿನ್ನತೆಯ ಮಾತ್ರೆಗಳು ಮತ್ತು ಜೀರ್ಣಾಂಗದ ತೊಂದರೆಗಳು: ವಿಶಾಖಪಟ್ಟಣ, ವಿಜಯವಾಡದ ಕನ್ನಡ ಕುಟುಂಬಗಳಿಗೆ ಒಂದು ಮಾಹಿತಿ

ಖಿನ್ನತೆಗೆಂದು ವೈದ್ಯರು ಬರೆದುಕೊಡುವ ಮಾತ್ರೆಗಳ ಅಡ್ಡ ಪರಿಣಾಮಗಳಲ್ಲಿ ಅತಿ ಸಾಮಾನ್ಯವಾದವು ಜೀರ್ಣಾಂಗಕ್ಕೆ ಸಂಬಂಧಿಸಿದವು. ವಾಕರಿಕೆ, ಭೇದಿ, ಮಲಬದ್ಧತೆ, ಹೊಟ್ಟೆ ಉಬ್ಬರ, ಬಾಯಿ ಒಣಗುವುದು, ಹಸಿವು ಕುಗ್ಗುವುದು ಅಥವಾ ಮಿತಿಮೀರುವುದು ಇವುಗಳಲ್ಲಿ ಮುಖ್ಯವಾದವು. ಬಹುಮಟ್ಟಿಗೆ ಇವು ಅಪಾಯಕಾರಿಯಲ್ಲ. ವಾಕರಿಕೆ, ಭೇದಿಯಂಥವು ಹೆಚ್ಚಿನವರಲ್ಲಿ ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಆದರೆ ಮಾತ್ರೆಯಿಂದ ಮನಸ್ಸಿಗೆ ದೊರೆಯಬೇಕಾದ ಉಪಶಮನ ಅನುಭವಕ್ಕೆ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳ ತರುವಾಯ. ಪೂರ್ಣ ಪ್ರಯೋಜನಕ್ಕೆ ಆರೆಂಟು ವಾರಗಳೇ ಬೇಕಾಗಬಹುದು. ಹೀಗಾಗಿ ರೋಗಿಯ ಪಾಲಿಗೆ ಮೊದಲ ಹತ್ತು ಹದಿನೈದು ದಿನಗಳು ತೊಂದರೆ ಮಾತ್ರ ಕಾಣುವ, ಗುಣ ಕಾಣದ ದಿನಗಳು. ಈ ದಿನಗಳಲ್ಲೇ ಅನೇಕರು ಯಾರಿಗೂ ತಿಳಿಸದೆ ಮಾತ್ರೆಯನ್ನು ನಿಲ್ಲಿಸಿಬಿಡುತ್ತಾರೆ. ಹಾಗೆ ನಿಲ್ಲಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳನ್ನು ಒಂದೆಡೆ ಕೊಡುವುದು ಈ ಲೇಖನದ ಉದ್ದೇಶ.

ನಾವು ವೈದ್ಯರಲ್ಲ; ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಬಾಳು ಸವೆಸಿದವರು. ಆದುದರಿಂದ ಇಲ್ಲಿರುವುದು ವೈದ್ಯರ ಸಲಹೆಗೆ ಬದಲಿಯಲ್ಲ, ವೈದ್ಯರೊಡನೆ ಮಾತನಾಡಲು ಬೇಕಾದ ಸಿದ್ಧತೆ. ಬಂದರು, ಉಕ್ಕಿನ ಕಾರ್ಖಾನೆ, ನೌಕಾಪಡೆ, ಬ್ಯಾಂಕುಗಳಿಂದಾಗಿ ವಿಶಾಖಪಟ್ಟಣಕ್ಕೂ, ವ್ಯಾಪಾರ, ರೈಲ್ವೆ, ಹೋಟೆಲ್ ಉದ್ಯಮಗಳಿಂದಾಗಿ ವಿಜಯವಾಡಕ್ಕೂ ಬಂದು ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ವಿಷಯದಲ್ಲಿ ಎರಡು ವಿಶೇಷ ಅಡಚಣೆಗಳಿವೆ. ಹೊಟ್ಟೆಯ ಸಂಕಟವನ್ನು ತೆಲುಗಿನಲ್ಲಿ ಸರಿಯಾಗಿ ಹೇಳಲಾಗದಿರುವುದು ಒಂದು. ನಾಲ್ಕು ಮನೆಗಳ ಪುಟ್ಟ ಬಳಗದಲ್ಲಿ ಸುದ್ದಿ ಹರಡೀತೆಂಬ ಸಂಕೋಚ ಇನ್ನೊಂದು.

ಮನಸ್ಸಿನ ಮಾತ್ರೆ ಹೊಟ್ಟೆಯನ್ನೇಕೆ ಕೆಡಿಸುತ್ತದೆ?

ಇಂದು ಹೆಚ್ಚಾಗಿ ಬಳಕೆಯಲ್ಲಿರುವ ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಪೆರಾಕ್ಸೆಟಿನ್ ಮುಂತಾದ ಔಷಧಗಳು ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುತ್ತವೆ. ಸೆರೊಟೋನಿನ್ ಎಂದರೆ ಮೆದುಳಿನ ವಸ್ತುವೆಂದು ನಾವೆಲ್ಲ ಕೇಳಿದ್ದೇವೆ. ವಾಸ್ತವದಲ್ಲಿ ದೇಹದಲ್ಲಿರುವ ಸೆರೊಟೋನಿನ್‌ನ ಶೇ. ೯೦ಕ್ಕೂ ಹೆಚ್ಚು ಭಾಗ ಇರುವುದು ಕರುಳಿನಲ್ಲಿ. ಅದನ್ನು ಮೊದಲು ಗುರುತಿಸಿದ್ದೂ ಅಲ್ಲಿಯೇ. ೧೯೩೦ರ ದಶಕದಲ್ಲಿ ಇಟಲಿಯ ವಿಜ್ಞಾನಿ ವಿಟ್ಟೋರಿಯೊ ಎರ್ಸ್ಪಾಮರ್ ಜಠರ ಮತ್ತು ಕರುಳಿನ ಒಳಪದರದ ಕೋಶಗಳಿಂದ ಒಂದು ವಸ್ತುವನ್ನು ಬೇರ್ಪಡಿಸಿ ಎಂಟೆರಮೀನ್ ಎಂದು ಹೆಸರಿಟ್ಟರು. ೧೯೪೮ರಲ್ಲಿ ಅಮೆರಿಕದ ವಿಜ್ಞಾನಿಗಳು ರಕ್ತದಿಂದ ಬೇರ್ಪಡಿಸಿ ಸೆರೊಟೋನಿನ್ ಎಂದು ಕರೆದ ವಸ್ತುವೂ ಇದೂ ಒಂದೇ ಎಂಬುದು ೧೯೫೨ರಲ್ಲಿ ಸ್ಥಿರಪಟ್ಟಿತು. ಮೆದುಳಿನಲ್ಲಿ ಅದು ದೊರೆತದ್ದು ಅನಂತರವೇ.

ಕರುಳಿನ ಗೋಡೆಯಲ್ಲಿ ೧೦ ಕೋಟಿಗೂ ಹೆಚ್ಚು ನರಕೋಶಗಳಿವೆ. ಉಂಡ ಅನ್ನ ಮುಂದೆ ಸಾಗಬೇಕೆ, ನಿಧಾನಿಸಬೇಕೆ, ಕೆಟ್ಟದ್ದಾದರೆ ಹೊರಹಾಕಬೇಕೆ ಎಂಬ ಸೂಚನೆಗಳಲ್ಲಿ ಸೆರೊಟೋನಿನ್‌ಗೆ ಮುಖ್ಯ ಪಾತ್ರವಿದೆ. ಮಾತ್ರೆ ನುಂಗಿದಾಗ ಅದರ ಪ್ರಭಾವ ಮೆದುಳಿಗಷ್ಟೇ ಸೀಮಿತವಾಗುವುದಿಲ್ಲ. ಕರುಳಿನಲ್ಲಿಯೂ ಸೆರೊಟೋನಿನ್ ಹೆಚ್ಚು ಹೊತ್ತು ಉಳಿಯುತ್ತದೆ. ಅದು ಹೊಟ್ಟೆಯಿಂದ ಮೆದುಳಿಗೆ ಹೋಗುವ ನರವನ್ನು ಕೆಣಕಿದಾಗ ವಾಕರಿಕೆ, ಕರುಳಿನ ಚಲನೆಯನ್ನು ತ್ವರೆಗೊಳಿಸಿದಾಗ ಭೇದಿ. ಕೆಲವು ದಿನಗಳಲ್ಲಿ ನರತುದಿಗಳು ಹೊಸ ಸ್ಥಿತಿಗೆ ಹೊಂದಿಕೊಂಡು ಪ್ರತಿಕ್ರಿಯೆ ಮಂದವಾಗುತ್ತದೆ. ಮೆದುಳಿನಲ್ಲಿ ಸೆರೊಟೋನಿನ್ ಕಡಿಮೆಯಾದುದೇ ಖಿನ್ನತೆ ಎಂಬ ಹಳೆಯ ಸರಳ ವಿವರಣೆಯನ್ನು ಇಂದಿನ ವಿಜ್ಞಾನ ಯಥಾವತ್ತಾಗಿ ಒಪ್ಪುವುದಿಲ್ಲವೆಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಮಾತ್ರೆಗಳು ಹುಸಿಮಾತ್ರೆಗಿಂತ ಹೆಚ್ಚು ಪರಿಣಾಮಕಾರಿ ಎಂಬುದಕ್ಕೆ ಆಧಾರವಿದೆ. ೨೦೧೮ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ೫೨೨ ಪ್ರಯೋಗಗಳ ಒಟ್ಟು ವಿಶ್ಲೇಷಣೆಯಲ್ಲಿ ಪರಿಶೀಲಿಸಿದ ೨೧ ಔಷಧಗಳೂ ಹುಸಿಮಾತ್ರೆಯನ್ನು ಮೀರಿದ್ದವು. ಹೇಗೆ ಗುಣಪಡಿಸುತ್ತವೆ ಎಂಬುದಷ್ಟೇ ಇನ್ನೂ ಪೂರ್ಣವಾಗಿ ಬಿಡಿಸದ ಒಗಟು.

ಎಷ್ಟು ಮಂದಿಗೆ, ಯಾವ ಮಾತ್ರೆಯಿಂದ?

ಎಸ್ಸಿಟಾಲೋಪ್ರಾಮ್‌ನ ಖಿನ್ನತೆ ಪ್ರಯೋಗಗಳಲ್ಲಿ ಔಷಧ ಪಡೆದ ೧೦೦ ಮಂದಿಯಲ್ಲಿ ೧೫ ಮಂದಿಗೆ ವಾಕರಿಕೆ ಬಂದಿತ್ತು. ಹುಸಿಮಾತ್ರೆ ಪಡೆದವರಲ್ಲಿ ೭ ಮಂದಿಗೆ. ಸರ್ಟ್ರಾಲಿನ್‌ನಲ್ಲಿ ವಾಕರಿಕೆ ೨೬ಕ್ಕೆ ಎದುರಾಗಿ ೧೨, ಭೇದಿ ೨೦ಕ್ಕೆ ಎದುರಾಗಿ ೧೦. ಔಷಧವಿಲ್ಲದ ಮಾತ್ರೆ ನುಂಗಿದವರಲ್ಲೂ ೧೦೦ಕ್ಕೆ ೧೨ ಮಂದಿ ವಾಕರಿಸಿದರೆಂಬುದನ್ನು ಓದುಗರು ಗಮನಿಸಬೇಕು. ಮೊದಲ ವಾರದ ಹೊಟ್ಟೆನೋವೆಲ್ಲವೂ ಮಾತ್ರೆಯದೇ ಎಂದು ತೀರ್ಮಾನಿಸಲು ಬಾರದು. ಇನ್ನೊಂದು ಕಡೆಯಿಂದ ನೋಡಿದರೆ, ಈ ಔಷಧ ಪಡೆದವರಲ್ಲಿ ಮುಕ್ಕಾಲು ಪಾಲು ಮಂದಿಗೆ ವಾಕರಿಕೆ ಬರಲೇ ಇಲ್ಲ.

ಭೇದಿಗೆ ಸರ್ಟ್ರಾಲಿನ್ ಹೆಸರಾದರೆ, ಮಲಬದ್ಧತೆಗೆ ಪೆರಾಕ್ಸೆಟಿನ್ ಮತ್ತು ಹಳೆಯ ತಲೆಮಾರಿನ ಅಮಿಟ್ರಿಪ್ಟಿಲಿನ್, ಇಮಿಪ್ರಮಿನ್ ಹೆಸರಾಗಿವೆ. ಹಳೆಯ ಮಾತ್ರೆಗಳಿಂದ ಬಾಯಿ ಒಣಗುವುದೂ ಉಂಟು. ಪ್ರಾಸ್ಟೇಟ್ ತೊಂದರೆ ಅಥವಾ ಗ್ಲಾಕೋಮಾ ಇರುವ ಹಿರಿಯರು ಅದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ವೆನ್ಲಾಫಾಕ್ಸಿನ್, ಡುಲಾಕ್ಸೆಟಿನ್‌ಗಳಲ್ಲಿ ವಾಕರಿಕೆ ಹೆಚ್ಚು. ಮಿರ್ಟಾಜಪಿನ್‌ನದು ತದ್ವಿರುದ್ಧ ಸ್ವಭಾವ: ಅದು ವಾಕರಿಕೆಯ ಸೂಚನೆಯನ್ನು ಒಯ್ಯುವ ಗ್ರಾಹಕಗಳನ್ನೇ ತಡೆಯುವುದರಿಂದ ಹೊಟ್ಟೆ ತೊಳಸುವುದು ಕಡಿಮೆ, ಆದರೆ ಹಸಿವೆ ಏರಿ ತೂಕ ಹೆಚ್ಚುತ್ತದೆ. ಊಟ ಬಿಟ್ಟು ಕೃಶವಾದ ರೋಗಿಗೆ ಇದು ವರವಾಗಬಹುದು; ಸಕ್ಕರೆ ಕಾಯಿಲೆಯಿರುವ ಮನೆಗಳಲ್ಲಿ ಯೋಚಿಸಬೇಕಾದ ವಿಷಯ. ಇಷ್ಟು ಆಯ್ಕೆಗಳಿರುವುದರಿಂದಲೇ, ಒಂದು ಮಾತ್ರೆ ಹೊಟ್ಟೆಗೆ ಹಿಡಿಸದಿದ್ದರೆ ಬೇರೊಂದಕ್ಕೆ ಬದಲಿಸಲು ವೈದ್ಯರಿಗೆ ಅವಕಾಶವಿದೆ. ಆದರೆ ಹೇಳಿದರೆ ತಾನೆ ಬದಲಿಸುವುದು?

ಆರಂಭಿಕ ಶಿಲ್ಕು

ಖಿನ್ನತೆಯೇ ಹೊಟ್ಟೆಯನ್ನು ಕೆಡಿಸುವ ರೋಗ. ಹಸಿವಿಲ್ಲದಿರುವುದು, ಮಲಬದ್ಧತೆ, ಎದೆಯುರಿ, ನಮ್ಮವರು ಒಟ್ಟಾರೆ ಗ್ಯಾಸ್ ಎಂದು ಕರೆಯುವ ಸಮಸ್ತ ಸಂಕಟಗಳು ಮಾತ್ರೆಗೆ ಮೊದಲೇ ಇರುವುದುಂಟು. ಎಷ್ಟೋ ಮಂದಿ ಮನೋವೈದ್ಯರ ಬಾಗಿಲಿಗೆ ಬರುವುದು ಜಠರ ತಜ್ಞರ ಬಾಗಿಲುಗಳನ್ನು ಸುತ್ತಿದ ಮೇಲೆ. ಹೀಗಿರುವಾಗ ಲೆಕ್ಕದ ಪುಸ್ತಕದಲ್ಲಿ ಮಾಡುವಂತೆ ಇಲ್ಲಿಯೂ ಆರಂಭಿಕ ಶಿಲ್ಕನ್ನು ಬರೆದಿಡುವುದು ಮೇಲು. ಮೊದಲ ಮಾತ್ರೆಯ ಹಿಂದಿನ ದಿನ ಹಸಿವು ಹೇಗಿತ್ತು, ಮಲವಿಸರ್ಜನೆ ಹೇಗಿತ್ತು, ತೂಕವೆಷ್ಟು ಎಂಬ ಮೂರು ಸಾಲು ಸಾಕು. ಆ ಬಳಿಕ ದಿನಕ್ಕೊಂದು ಸಾಲು: ಮಾತ್ರೆ ತೆಗೆದುಕೊಂಡ ಹೊತ್ತು, ತೊಂದರೆ ಕಂಡ ಹೊತ್ತು, ಅದರ ತೀವ್ರತೆ. ಎರಡನೆಯ ಭೇಟಿಯಲ್ಲಿ ಈ ಹಾಳೆಯನ್ನು ವೈದ್ಯರ ಮೇಜಿನ ಮೇಲಿಟ್ಟರೆ ಭಾಷೆಯ ಅರ್ಧ ಸಮಸ್ಯೆ ಅಲ್ಲಿಯೇ ಪರಿಹಾರವಾಗುತ್ತದೆ.

ಭಾಷೆಯ ಇನ್ನರ್ಧ

ತೆಲುಗೂ ಕನ್ನಡವೂ ಹತ್ತಿರದ ಭಾಷೆಗಳಾದುದರಿಂದಲೇ ಕೆಲವೊಮ್ಮೆ ಎಡವಟ್ಟು. ವಾಕರಿಕೆಗೆ ತೆಲುಗಿನಲ್ಲಿ ‘ವಿಕಾರಂ’ ಎನ್ನುತ್ತಾರೆ. ವಿಕಾರವೆಂದರೆ ನಮಗೆ ಕುರೂಪ. ‘ವಿಕಾರಂಗಾ ಉಂದಾ’ ಎಂದು ವೈದ್ಯರು ಕೇಳಿದಾಗ ನಮ್ಮ ಹಿರಿಯರೊಬ್ಬರು ಮುಖ ಮುಟ್ಟಿ ನೋಡಿಕೊಂಡರೆ ಆಶ್ಚರ್ಯವಿಲ್ಲ. ಹೊಟ್ಟೆಗೆ ‘ಕಡುಪು’, ಹೊಟ್ಟೆ ತೊಳಸುವುದಕ್ಕೆ ‘ಕಡುಪುಲೋ ತಿಪ್ಪುತೋಂದಿ’, ಉರಿಗೆ ‘ಮಂಟ’. ಎದೆಯುರಿಗೆ ‘ಗುಂಡೆಲ್ಲೋ ಮಂಟ’ ಎಂದು ಸ್ಪಷ್ಟವಾಗಿ ಹೇಳಬೇಕು. ‘ಗುಂಡೆ ನೊಪ್ಪಿ’ ಎಂದುಬಿಟ್ಟರೆ ಅದು ಹೃದಯದ ನೋವೆಂದು ತಿಳಿದು ಇಸಿಜಿ ಕೋಣೆಗೆ ಕಳುಹಿಸಿಯಾರು. ವಾಂತಿಗೆ ‘ವಾಂತುಲು’, ಭೇದಿಗೆ ‘ವಿರೇಚನಾಲು’, ಮಲಬದ್ಧತೆಗೆ ‘ಮಲಬದ್ಧಕಂ’, ಹಸಿವಿಗೆ ‘ಆಕಲಿ’. ಅರಗುವುದಿಲ್ಲ ಎಂಬುದು ‘ಅರಗಡಂ ಲೇದು’, ಇದರಲ್ಲಿ ಮಾತ್ರ ಎರಡು ಭಾಷೆಗಳೂ ಒಂದೇ ಎಲೆಯಲ್ಲಿ ಉಣ್ಣುತ್ತವೆ. ಬರಿದೇ ‘ಗ್ಯಾಸ್ ಟ್ರಬಲ್’ ಎಂದು ಹೇಳುವುದನ್ನು ಬಿಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಆ ಮಾತಿನಿಂದ ಯಾವ ವೈದ್ಯರಿಗೂ ಏನೂ ತಿಳಿಯುವುದಿಲ್ಲ, ಇನ್ನೊಂದು ಮಾತ್ರೆ ಸೇರ್ಪಡೆಯಾಗುತ್ತದೆ ಅಷ್ಟೆ.

ಮನೆಯಲ್ಲಿ ಮಾಡಬಹುದಾದುದು

ಬೇರೆ ಸೂಚನೆಯಿಲ್ಲದಿದ್ದರೆ ಮಾತ್ರೆಯನ್ನು ಊಟ ಅಥವಾ ತಿಂಡಿಯ ಅನಂತರ ತೆಗೆದುಕೊಳ್ಳುವುದರಿಂದ ವಾಕರಿಕೆ ತಗ್ಗುತ್ತದೆ. ಬೆಳಗಿನ ಮಾತ್ರೆಯಿಂದ ತೊಂದರೆಯಾದರೆ ರಾತ್ರಿಗೆ ಬದಲಿಸಬಹುದೇ, ಮೊದಲ ವಾರ ಅರ್ಧ ಪ್ರಮಾಣದಿಂದ ಆರಂಭಿಸಬಹುದೇ ಎಂದು ವೈದ್ಯರನ್ನು ಕೇಳಬೇಕು. ಎಸ್ಸಿಟಾಲೋಪ್ರಾಮ್ ೫ ಮಿಲಿಗ್ರಾಂನಿಂದ ಆರಂಭಿಸಿ ೧೦ಕ್ಕೆ ಏರಿಸುವುದು ಅನೇಕ ವೈದ್ಯರ ರೂಢಿ. ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು ತಮ್ಮ ಪಾಳಿಯನ್ನು ತಿಳಿಸಿ ಹೊತ್ತನ್ನು ನಿಗದಿಮಾಡಿಕೊಳ್ಳಬೇಕು. ವಾರಕ್ಕೊಂದು ಹೊತ್ತಿಗೆ ಮಾತ್ರೆ ನುಂಗಿದರೆ ಹೊಟ್ಟೆ ಹೊಂದಿಕೊಳ್ಳುವುದು ಕಷ್ಟ. ನಗದು ಕೌಂಟರಿನಲ್ಲಿ ಕುಳಿತವನು ಮನಬಂದಾಗ ಎದ್ದು ಹೋಗಲಾರ. ತುರ್ತಿಲ್ಲದಿದ್ದರೆ ರಜೆಯ ಮುನ್ನಾ ದಿನ ಮಾತ್ರೆಯನ್ನು ಆರಂಭಿಸಬಹುದೇ ಎಂದು ಕೇಳುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಆಹಾರದ ಮಾತಿಗೆ ಬಂದರೆ, ಆಂಧ್ರದ ಆವಕಾಯಿ, ಗೋಂಗೂರ ಪಚ್ಚಡಿಗಳ ರುಚಿಗೆ ಮನಸೋತವರು ನಾವೂ ಹೌದು. ಮೊದಲ ಎರಡು ವಾರ ಮಾತ್ರ ಅವುಗಳಿಗೆ ವಿರಾಮ ಕೊಟ್ಟು ಗಂಜಿ, ತಿಳಿಸಾರು, ಮೊಸರನ್ನ, ನೀರುಮಜ್ಜಿಗೆ, ರಾಗಿ ಅಂಬಲಿಗಳತ್ತ ಮರಳುವುದು ಕ್ಷೇಮ. ಒಮ್ಮೆಲೇ ಹೊಟ್ಟೆತುಂಬ ಉಣ್ಣುವ ಬದಲು ನಾಲ್ಕೈದು ಬಾರಿ ಸ್ವಲ್ಪಸ್ವಲ್ಪ ತಿನ್ನಬೇಕು. ಹಸಿಶುಂಠಿಯಿಂದ ವಾಕರಿಕೆ ಸ್ವಲ್ಪಮಟ್ಟಿಗೆ ತಗ್ಗುತ್ತದೆ. ಮಲಬದ್ಧತೆಗೆ ಬಾಳೆದಿಂಡಿನ ಪಲ್ಯ, ಪರಂಗಿ ಹಣ್ಣು, ಸೊಪ್ಪು, ಇಸಬ್‌ಗೋಲು. ಇಸಬ್‌ಗೋಲಿನೊಡನೆ ನೀರು ಧಾರಾಳವಾಗಿರಬೇಕು, ಇಲ್ಲವಾದರೆ ಅದೇ ಅಡ್ಡಿಯಾದೀತು. ಮದ್ಯವನ್ನು ದೂರವಿಡಬೇಕು.

ವಿಜಯವಾಡದ ಬೇಸಗೆಯನ್ನು ಇಲ್ಲಿ ಪ್ರತ್ಯೇಕವಾಗಿ ಹೇಳಬೇಕು. ಮೇ ತಿಂಗಳ ಸೆಕೆಯಲ್ಲಿ ಬೆವರಿನಿಂದ ದೇಹದ ನೀರೂ ಉಪ್ಪೂ ಹೋಗುತ್ತಿರುವಾಗಲೇ ಭೇದಿಯೂ ಸೇರಿಕೊಂಡರೆ ಹಿರಿಯರು ಬಹುಬೇಗ ಬಳಲುತ್ತಾರೆ. ವಿಶಾಖಪಟ್ಟಣದಲ್ಲಿ ಸಮುದ್ರದ ಗಾಳಿಯಿದ್ದರೂ ಬೆವರು ಕಡಿಮೆಯೇನಲ್ಲ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಸೂಚಿಸಿದಷ್ಟೇ ನೀರಿನಲ್ಲಿ ಕರಗಿಸಿ ಆಗಾಗ ಗುಟುಕರಿಸಬೇಕು. ಅಂಗಡಿಗಳಲ್ಲಿ ಆ ಹೆಸರಿನಿಂದ ಮಾರಲಾಗುತ್ತಿದ್ದ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳು ಆ ಹೆಸರನ್ನು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರವು ೨೦೨೫ರ ಅಕ್ಟೋಬರ್‌ನಲ್ಲಿ ಆದೇಶಿಸಿತು.

ಜೊತೆಗೆ ನುಂಗುವ ಇತರ ಮಾತ್ರೆಗಳು

ಈ ಭಾಗವನ್ನು ಐವತ್ತು ದಾಟಿದ ಓದುಗರು ಸಾವಧಾನವಾಗಿ ಓದಬೇಕೆಂದು ವಿನಂತಿ. ರಕ್ತದ ಕಿರುಬಿಲ್ಲೆಗಳು ಹೆಪ್ಪುಗಟ್ಟಲು ಸೆರೊಟೋನಿನ್ ಅನ್ನು ಬಳಸಿಕೊಳ್ಳುತ್ತವೆ. ಖಿನ್ನತೆಯ ಮಾತ್ರೆಗಳು ಅದು ಅವುಗಳೊಳಗೆ ಸೇರುವುದನ್ನು ತಡೆಯುತ್ತವೆ. ಇದರಿಂದ ಜಠರದಲ್ಲಿ ರಕ್ತಸ್ರಾವವಾಗುವ ಸಾಧ್ಯತೆ ಸ್ವಲ್ಪ ಹೆಚ್ಚುತ್ತದೆ. ಮಾತ್ರೆಯೊಂದರಿಂದಲೇ ಆದರೆ ಅಪಾಯ ಚಿಕ್ಕದು. ಮಂಡಿನೋವಿಗೆಂದು ಔಷಧದ ಅಂಗಡಿಯಿಂದ ತಾವೇ ತಂದುಕೊಳ್ಳುವ ಡೈಕ್ಲೊಫೆನಾಕ್, ಅಸಿಕ್ಲೊಫೆನಾಕ್, ಐಬುಪ್ರೊಫೆನ್‌ಗಳು ಜೊತೆಗೂಡಿದಾಗ ಅದು ಗಣನೀಯವಾಗಿ ಬೆಳೆಯುತ್ತದೆ. ಸಾಮಾನ್ಯ ನೋವಿಗೆ ಪ್ಯಾರಾಸಿಟಮಾಲ್ ಹೆಚ್ಚು ಸುರಕ್ಷಿತ. ಹೃದಯಕ್ಕೆಂದು ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಅದನ್ನು ನಿಲ್ಲಿಸಕೂಡದು; ಮನೋವೈದ್ಯರಿಗೆ ತಿಳಿಸಬೇಕು, ಅವರು ಜಠರ ರಕ್ಷಣೆಗೆ ಬೇಕಾದುದನ್ನು ಸೇರಿಸುತ್ತಾರೆ.

ಆ ಜಠರ ರಕ್ಷಣೆಯ ಮಾತ್ರೆಯಲ್ಲಿಯೂ ಒಂದು ಸೂಕ್ಷ್ಮವಿದೆ. ಒಮೆಪ್ರಜೋಲ್ ಮತ್ತು ಎಸೊಮೆಪ್ರಜೋಲ್‌ಗಳು ಯಕೃತ್ತಿನಲ್ಲಿ ಎಸ್ಸಿಟಾಲೋಪ್ರಾಮ್ ಕರಗುವುದನ್ನು ನಿಧಾನಿಸಿ ರಕ್ತದಲ್ಲಿ ಅದರ ಪ್ರಮಾಣವನ್ನು ಏರಿಸುತ್ತವೆ. ಪ್ಯಾಂಟೊಪ್ರಜೋಲ್‌ನಿಂದ ಹೀಗಾಗುವುದು ಕಡಿಮೆ. ವಾಂತಿ ನಿಲ್ಲಲೆಂದು ಕೊಳ್ಳುವ ಡೊಂಪೆರಿಡೋನ್, ಒಂಡ್ಯಾನ್ಸೆಟ್ರಾನ್‌ಗಳು ಎಸ್ಸಿಟಾಲೋಪ್ರಾಮ್‌ನೊಡನೆ ಸೇರಿದಾಗ ಹೃದಯದ ಲಯದ ಮೇಲೆ ಪರಿಣಾಮ ಬೀರಬಹುದಾದುದರಿಂದ ವೈದ್ಯರು ಹೇಳದೆ ಬಳಸಬಾರದು. ನೋವಿನ ಮಾತ್ರೆಗಳಲ್ಲಿ ಟ್ರಮಡಾಲ್‌ಗೂ ಇದೇ ನಿಷೇಧ, ಕಾರಣವನ್ನು ಮುಂದೆ ಹೇಳಿದೆ. ಕಷಾಯ, ಲೇಹ್ಯ, ಚೂರ್ಣಗಳನ್ನೂ ಪಟ್ಟಿಯಲ್ಲಿ ಸೇರಿಸಿಯೇ ವೈದ್ಯರಿಗೆ ಕೊಡಬೇಕು.

ಹೊಟ್ಟೆ ಕೆಡಿಸುವ ಇದೇ ಬಗೆಯ ಔಷಧ ಹೊಟ್ಟೆಗೇ ಮದ್ದಾಗುವುದೂ ಉಂಟು. ಕರುಳು ಪದೇಪದೇ ಕೆರಳುವ ಐಬಿಎಸ್ ಎಂಬ ತೊಂದರೆಗೆ ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್ ಉಪಯುಕ್ತವೆಂದು ಇಂಗ್ಲೆಂಡಿನಲ್ಲಿ ೪೬೩ ರೋಗಿಗಳ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ಅಟ್ಲಾಂಟಿಸ್ ಪ್ರಯೋಗ ತೋರಿಸಿದೆ. ಆದ್ದರಿಂದ ಜಠರ ತಜ್ಞರು ಈ ಮಾತ್ರೆ ಬರೆದುಕೊಟ್ಟರೆ ‘ನನಗೆ ತಲೆ ಕೆಟ್ಟಿದೆಯೆಂದು ತಿಳಿದರೋ’ ಎಂದು ಕೆರಳಬೇಕಾಗಿಲ್ಲ.

ಒಮ್ಮೆಲೇ ನಿಲ್ಲಿಸಿದರೆ

ಕೆಲವು ವಾರ ತೆಗೆದುಕೊಂಡ ಮಾತ್ರೆಯನ್ನು ಥಟ್ಟನೆ ನಿಲ್ಲಿಸಿದಾಗಲೂ ವಾಕರಿಕೆ, ತಲೆಸುತ್ತು, ನಿದ್ರಾಭಂಗ, ಚಡಪಡಿಕೆ ಬರುತ್ತವೆ. ಪೆರಾಕ್ಸೆಟಿನ್, ವೆನ್ಲಾಫಾಕ್ಸಿನ್‌ಗಳಲ್ಲಿ ಇದು ಹೆಚ್ಚು; ದೇಹದಲ್ಲಿ ಬಹುಕಾಲ ಉಳಿಯುವ ಫ್ಲುಆಕ್ಸೆಟಿನ್‌ನಲ್ಲಿ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಿಕಿತ್ಸೆ ಪಡೆದು ಪ್ರಶಾಂತಿ ಎಕ್ಸ್‌ಪ್ರೆಸ್‌ನಲ್ಲಿ ವಿಜಯವಾಡಕ್ಕೋ ವಿಶಾಖಪಟ್ಟಣಕ್ಕೋ ಮರಳುವವರು ಮಾತ್ರೆಯನ್ನು ದೊಡ್ಡ ಪೆಟ್ಟಿಗೆಯ ತಳದಲ್ಲಿಡದೆ ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಒಂದೆರಡು ಹೊತ್ತು ತಪ್ಪಿದ್ದರಿಂದ ಬಂದ ತಲೆಸುತ್ತು, ವಾಕರಿಕೆಗಳನ್ನು ರೈಲಿನ ಊಟದ ಮೇಲೆ ಹೊರಿಸುವುದು ಸಾಮಾನ್ಯ. ಊರಿಗೆ ಬಂದ ಮೇಲೆ ಚೀಟಿಯ ಅವಧಿ ಮುಗಿಯುವ ಮುನ್ನವೇ ಮುಂದಿನ ಸರಬರಾಜಿನ ವ್ಯವಸ್ಥೆಯಾಗಬೇಕು. ೨೦೨೦ರ ಮಾರ್ಚ್‌ನಲ್ಲಿ ಬಂದ ದೂರವೈದ್ಯ ಮಾರ್ಗಸೂಚಿಗಳ ಪ್ರಕಾರ ಬೆಂಗಳೂರಿನ ವೈದ್ಯರೊಡನೆ ದೂರವಾಣಿ ಅಥವಾ ವಿಡಿಯೊ ಮೂಲಕ ಸಮಾಲೋಚಿಸುವುದಕ್ಕೂ ಅವಕಾಶವಿದೆ. ಕನ್ನಡದಲ್ಲಿಯೇ ಹೇಳಿಕೊಳ್ಳಬೇಕೆನ್ನುವವರಿಗೆ ಇದೊಂದು ದಾರಿ.

ಕಾಯದೆ ವೈದ್ಯರನ್ನು ಕಾಣಬೇಕಾದ ಲಕ್ಷಣಗಳು

ಡಾಂಬರಿನಂತೆ ಕಪ್ಪಾದ ಅಂಟುಮಲ ಅಥವಾ ಕಾಫಿ ಗಸಿಯಂಥ ವಾಂತಿ ಕಂಡರೆ ಅದು ಒಳಗಿನ ರಕ್ತಸ್ರಾವದ ಸೂಚನೆ. ಕೂಡಲೇ ಆಸ್ಪತ್ರೆಗೆ ಹೋಗಬೇಕು. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಆ ನಿರ್ಧಾರವನ್ನು ವೈದ್ಯರಿಗೆ ಬಿಡಬೇಕು. ಒಂದು ದಿನವಿಡೀ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದಿದ್ದರೂ ತಡಮಾಡಬಾರದು. ಭೇದಿಯೊಡನೆ ಜ್ವರ, ಕೈಕಾಲು ನಡುಕ, ವಿಪರೀತ ಬೆವರು, ಗೊಂದಲ ಇವು ಒಟ್ಟಿಗೆ ಬಂದರೆ ದೇಹದಲ್ಲಿ ಸೆರೊಟೋನಿನ್ ಮಿತಿಮೀರಿರಬಹುದು; ಪ್ರಮಾಣ ಏರಿಸಿದಾಗ ಅಥವಾ ಟ್ರಮಡಾಲ್‌ನಂಥ ಔಷಧ ಸೇರಿದಾಗ ಹೀಗಾಗುತ್ತದೆ. ವಿಜಯವಾಡದಲ್ಲಿ ಬೇಸಗೆಯಲ್ಲಿ ಇಂಥದ್ದನ್ನೆಲ್ಲ ‘ವಡದೆಬ್ಬ’ ಎಂದು, ಅಂದರೆ ಬಿಸಿಲ ಹೊಡೆತವೆಂದು ತಿಳಿಯುವ ಸಂಭವ ಹೆಚ್ಚು. ಆದುದರಿಂದ ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೇವೆಂಬುದನ್ನು ಮುಚ್ಚಿಡಕೂಡದು. ವಯಸ್ಸಾದವರಲ್ಲಿ ವಾಕರಿಕೆಯೊಡನೆ ಮಂಕು, ತಡವರಿಕೆ ಕಂಡರೆ ರಕ್ತದ ಸೋಡಿಯಂ ಪರೀಕ್ಷೆಯಾಗಬೇಕು.

ಇನ್ನೊಂದು ಮಾತು ಹೊಟ್ಟೆಗೆ ಸಂಬಂಧಿಸಿದ್ದಲ್ಲವಾದರೂ ಬಿಡಲಾಗದು. ಇಪ್ಪತ್ತೈದರ ಒಳಗಿನವರಲ್ಲಿ ಮೊದಲ ವಾರಗಳಲ್ಲಿ ಆತ್ಮಹತ್ಯೆಯ ಆಲೋಚನೆಗಳು ಹೆಚ್ಚಬಹುದೆಂಬ ಎಚ್ಚರಿಕೆಯಿದೆ. ಹೊಸದಾಗಿ ಮಾತ್ರೆ ಆರಂಭಿಸಿದ ಮಕ್ಕಳನ್ನು ಹಾಸ್ಟೆಲಿನಲ್ಲಿ ಒಂಟಿಯಾಗಿ ಬಿಡದೆ, ಮನೆಯವರು ಆ ದಿನಗಳಲ್ಲಿ ಹತ್ತಿರವಿದ್ದು ನೋಡಿಕೊಳ್ಳಬೇಕು.

ಎಲ್ಲಿಗೆ ಹೋಗುವುದು?

ವಿಶಾಖಪಟ್ಟಣದ ಚಿನ ವಾಲ್ತೇರಿನಲ್ಲಿರುವ ಸರ್ಕಾರಿ ಮಾನಸಿಕ ಚಿಕಿತ್ಸಾಲಯ ಬ್ರಿಟಿಷರ ಕಾಲದ್ದು; ೧೯೨೩ರಲ್ಲಿ ಆರಂಭವಾದ ಆಂಧ್ರ ವೈದ್ಯಕೀಯ ಕಾಲೇಜಿಗೆ ಸೇರಿದ ಬೋಧನಾ ಆಸ್ಪತ್ರೆ. ಊರಿನವರು ಅದನ್ನು ‘ಪಿಚ್ಚಾಸುಪತ್ರಿ’, ಹುಚ್ಚಾಸ್ಪತ್ರೆ, ಎಂದು ಕರೆಯುವುದರಿಂದಲೇ ನಮ್ಮವರು ಆ ರಸ್ತೆಗೆ ಹೋಗಲು ಹಿಂಜರಿಯುತ್ತಾರೆ. ಹೊರರೋಗಿ ವಿಭಾಗದಲ್ಲಿ ಸಾಲುನಿಂತವರು ನಿದ್ರೆ ಬಾರದ, ಹಸಿವಾಗದ, ನಮ್ಮ ನಿಮ್ಮಂಥವರೇ. ವಿಜಯವಾಡದವರಿಗೆ ಸರ್ಕಾರಿ ಸಾರ್ವತ್ರಿಕ ಆಸ್ಪತ್ರೆಯ ಮನೋವೈದ್ಯ ವಿಭಾಗವೂ, ಕೃಷ್ಣೆಯ ಆಚೆ ಮಂಗಳಗಿರಿಯಲ್ಲಿರುವ ಏಮ್ಸ್ ಸಂಸ್ಥೆಯೂ ಇವೆ. ಕಚೇರಿಗೆ ಸುದ್ದಿ ಹೋದೀತೆಂಬ ಅಂಜಿಕೆಯಿರುವವರು ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ೨೩ನೆಯ ಪ್ರಕರಣವನ್ನು ನೆನಪಿನಲ್ಲಿಡಬಹುದು: ಚಿಕಿತ್ಸೆಯ ವಿವರಗಳ ಗೋಪ್ಯತೆ ರೋಗಿಯ ಹಕ್ಕು. ಅದೇ ಕಾಯ್ದೆಯು ದೈಹಿಕ ಕಾಯಿಲೆಗಳಿಗೆ ಇರುವಂತೆಯೇ ಮಾನಸಿಕ ಕಾಯಿಲೆಗಳಿಗೂ ವಿಮೆ ದೊರೆಯಬೇಕೆಂದು ವಿಧಿಸಿದೆ.

ಮಧ್ಯರಾತ್ರಿಯಲ್ಲಿ ಹೊಟ್ಟೆ ತೊಳಸಿ, ಮಾತ್ರೆಯನ್ನು ಮುಂದುವರಿಸುವುದೋ ಬಿಡುವುದೋ ಎಂಬ ಸಂದೇಹ ಬಂದರೆ ೧೪೪೧೬ಕ್ಕೆ ಕರೆ ಮಾಡಬಹುದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ ಮಾನಸ್ ಎಂಬ ಈ ಸರ್ಕಾರಿ ಸಹಾಯವಾಣಿ ಇಡೀ ದಿನ ಉಚಿತವಾಗಿ ದೊರೆಯುತ್ತದೆ. ಸೇವೆ ಲಭ್ಯವಿರುವ ಭಾಷೆಗಳಲ್ಲಿ ತೆಲುಗಿನಂತೆ ಕನ್ನಡವೂ ಒಂದು. ಕರೆ ಮಾಡುವಾಗ ಮಾತ್ರೆಯ ಪಟ್ಟಿ, ವೈದ್ಯರ ಚೀಟಿ ಮತ್ತು ಮೇಲೆ ಹೇಳಿದ ಆ ದಿನಚರಿಯ ಹಾಳೆ ಕೈಯಲ್ಲಿರಲಿ.